ಅಪ್ಪ ಹತ್ತದ ಅಲಾಸ್ಕಾ ಹಡಗು

ಅಲಾಸ್ಕಾ ಕ್ರೂಸ್‌ಗೆ ನಾವು ಬುಕ್ ಮಾಡಿದ್ದು ಐದು ಜನಕ್ಕೆ. ಹಡಗು ಹತ್ತಿದ್ದು ನಾಲ್ಕೇ ಜನ. ಉಳಿದುಹೋದ ಆ ಒಬ್ಬರು ನಮ್ಮಪ್ಪ. ಈ ಪ್ರವಾಸದ ಆಸೆ ಮೊದಲು ಹುಟ್ಟಿದ್ದೇ ಅವರಿಗೆ ಅನ್ನೋದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ನಾನು, ನನ್ನ ಗಂಡ, ಎಂಟು ವರ್ಷದ ಮಗ ಇರೋದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ. ಅಪ್ಪ, ಅಮ್ಮ ಇರೋದು ಸಕಲೇಶಪುರದಲ್ಲಿ. ಅವರ ಜೊತೆ 89 ವರ್ಷದ ಅಜ್ಜಿ, ಅಂದರೆ ಅಪ್ಪನ ಅಮ್ಮ. ಇಷ್ಟು ನಮ್ಮ ಸಂಸಾರ.

ಮೇಜಿನ ಗಾಜಿನ ಕೆಳಗಿನ ರೈಲು

ಅಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿ ಇನ್ನೂ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ದೋಣಿಗಲ್, ಎಡಕುಮೇರಿ ಕಡೆ ಕೆಲಸ ಮಾಡಿದ್ದರು. 1996ರಲ್ಲಿ ಗೇಜ್ ಪರಿವರ್ತನೆಗೆ ಅಂತ ಆ ಹಳಿ ಮುಚ್ಚಿದಾಗ ಬೇರೆ ಕಡೆಗೆ ವರ್ಗವಾಯ್ತು. ಆದರೆ ಮನಸ್ಸು ಮಾತ್ರ ಘಾಟಿ ಬಿಟ್ಟು ಇಳಿಯಲೇ ಇಲ್ಲ. 57 ಸುರಂಗ ಅಂತ ಮಾತು ಶುರು ಮಾಡಿದರೆ ಊಟ ಆರಿ ತಣ್ಣಗಾದರೂ ಅವರಿಗೆ ಗೊತ್ತಾಗಲ್ಲ.

ಅವರ ಮೇಜಿನ ಗಾಜಿನ ಕೆಳಗೆ ನಾನು ಹೈಸ್ಕೂಲಿಗೆ ಹೋಗುವಾಗಿನಿಂದಲೂ ಒಂದು ಚಿತ್ರ ಇದೆ. ಯಾವುದೋ ಹಳೇ ಪತ್ರಿಕೆಯಿಂದ ಕತ್ತರಿಸಿದ್ದು. ಕಡಿದಾದ ಬೆಟ್ಟದ ಅಂಚಿಗೆ ಅಂಟಿಕೊಂಡು ಒಂದು ಪುಟ್ಟ ರೈಲು, ಕೆಳಗೆ ಕಣಿವೆ. ಅದು ಅಲಾಸ್ಕಾದ ಸ್ಕ್ಯಾಗ್‌ವೇ ಊರಿನಿಂದ ಹೊರಡುವ ವೈಟ್ ಪಾಸ್ ಅಂಡ್ ಯುಕಾನ್ ರೈಲು. ಚಿನ್ನ ಹುಡುಕಿಕೊಂಡು ಜನ ಉತ್ತರಕ್ಕೆ ನುಗ್ಗುತ್ತಿದ್ದ ಹೊತ್ತಿನಲ್ಲಿ, 1898ರಲ್ಲಿ ಕಟ್ಟಲು ಶುರು ಮಾಡಿ 1900ರಲ್ಲಿ ಮುಗಿಸಿದ ಹಳಿ. ಎರಡು ಕಂಬಿಗಳ ನಡುವೆ ಬರೀ ಮೂರು ಅಡಿ.

“ನಮ್ಮ ಘಾಟಿ ಏರು ಐವತ್ತಕ್ಕೆ ಒಂದು. ಇದು ಹೆಚ್ಚುಕಮ್ಮಿ ಇಪ್ಪತ್ತಾರಕ್ಕೆ ಒಂದು ಕಣೇ! ಹೆಂಗ್ ಹತ್ತುತ್ತೋ ನೋಡ್ಬೇಕು” ಅಂತಿದ್ದರು. ಇಪ್ಪತ್ತಾರು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಮೇಲಕ್ಕೆ ಅಂತ ಅರ್ಥ. ರೈಲಿಗೆ ಅದು ಭಾರೀ ಏರು.

ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಯ ಹಡಗುಗಳು ಸ್ಕ್ಯಾಗ್‌ವೇಗೂ ಹೋಗುತ್ತವೆ ಅಂತ ಗೊತ್ತಾದ ದಿನವೇ ನಾನು ತೀರ್ಮಾನ ಮಾಡಿದ್ದೆ. ಡಿಸೆಂಬರ್‌ನಲ್ಲಿ, ಮುಂದಿನ ಜುಲೈಗೆ ಬುಕ್ ಮಾಡಿದ್ವಿ. ಎರಡು ಕ್ಯಾಬಿನ್. ಒಂದರಲ್ಲಿ ಅಪ್ಪ, ಅಮ್ಮ. ಪಕ್ಕದ್ದರಲ್ಲಿ ನಾವು ಮೂವರು. ತಲೆಗೆ 250 ಡಾಲರ್ ಮುಂಗಡ. ಉಳಿದ ಹಣ ಹೊರಡೋಕೆ 90 ದಿನ ಮುಂಚೆ, ಏಪ್ರಿಲ್ 14ರ ಒಳಗೆ ಕಟ್ಟಬೇಕು.

ಇಲ್ಲಿ ಒಂದು ವಿಷಯ ಹೇಳಿಬಿಡ್ತೀನಿ, ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋ ಯೋಚನೆ ಇರೋರಿಗೆ ಉಪಯೋಗಕ್ಕೆ ಬರುತ್ತೆ. ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಸಿಯಾಟಲ್ ಕೂಡ ಅಮೆರಿಕ. ಆದರೂ ಈ ಹಡಗು ಹತ್ತಲು ನಮ್ಮವರಿಗೆ ಕೆನಡಾ ವೀಸಾ ಬೇಕು. ಕಾರಣ 1886ರ ಒಂದು ಕಾನೂನು. ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಜನ ಹತ್ತಿಸಿಕೊಂಡು ಅಮೆರಿಕದ ಬಂದರುಗಳನ್ನೇ ಸುತ್ತಿ ಬರೋ ಹಾಗಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬೇರೆ ದೇಶಗಳಲ್ಲಿ ನೋಂದಾಯಿಸಿದವು. ಅದಕ್ಕೇ ವಾಪಸ್ ಬರುವಾಗ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಕೆಲವು ಗಂಟೆ ನಿಲ್ಲಿಸ್ತಾರೆ. ಆ ಕೆಲವು ಗಂಟೆಗೋಸ್ಕರ ಅಪ್ಪ, ಅಮ್ಮ ಇಬ್ಬರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಕಳಿಸಿ ವೀಸಾ ಮಾಡಿಸಿಕೊಂಡರು. ಫೆಬ್ರವರಿಯಲ್ಲಿ ವೀಸಾ ಬಂತು. ಅಪ್ಪ ಅದರ ಫೋಟೋ ಕಳಿಸಿ ಕೆಳಗೆ ಬರೆದಿದ್ದರು: “ಸಿಗ್ನಲ್ ಬಿತ್ತು.”

ರಿಲೀವರ್

ಯುಗಾದಿಗೆ ನಾಲ್ಕು ದಿನ ಇರುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯ್ತು, ಜೀವಕ್ಕೇನೂ ತೊಂದರೆ ಆಗಲಿಲ್ಲ. ಆದರೆ ಮೂರು-ನಾಲ್ಕು ತಿಂಗಳು ಪಕ್ಕದಲ್ಲಿ ಒಬ್ಬರು ಇರಲೇಬೇಕು ಅಂದರು ಡಾಕ್ಟರು.

ನಾವು ಪ್ರವಾಸದಲ್ಲಿರುವಾಗ ಅಜ್ಜಿಯನ್ನ ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಇಟ್ಕೊಳ್ಳೋದು ಅಂತ ಮೊದಲೇ ಮಾತಾಗಿತ್ತು. ಈಗ ಅದು ಆಗದ ಮಾತು. ಅವರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಚಿಕ್ಕಪ್ಪ ತಾವೇ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಯಾರನ್ನೂ ದೂರುವ ಹಾಗಿರಲಿಲ್ಲ.

ಏಪ್ರಿಲ್ ಮೊದಲ ವಾರ ನಾನು ಏನೇನೋ ಲೆಕ್ಕ ಹಾಕಿದೆ. ಹೋಂ ನರ್ಸ್ ಇಡೋಣ, ದುಡ್ಡು ನಾನು ಕಳಿಸ್ತೀನಿ ಅಂದೆ. “ಹಗಲು ಸರಿ, ರಾತ್ರಿ ಎರಡು ಗಂಟೆಗೆ ಮಗನೇ ಅಂತ ಕೂಗ್ತಾಳಲ್ಲ, ಆಗ?” ಅಂದರು ಅಪ್ಪ. ನಾನು ಸುಮ್ಮನಾದೆ. ಒಂದು ರಾತ್ರಿ ಸಿಟ್ಟಲ್ಲೋ ಬೇಜಾರಲ್ಲೋ ಲ್ಯಾಪ್‌ಟಾಪ್ ತೆಗೆದು ಇಡೀ ಬುಕಿಂಗ್ ರದ್ದು ಮಾಡೋ ಪುಟದ ತನಕ ಹೋಗಿಬಿಟ್ಟಿದ್ದೆ. ಹೋದರೆ ಎಲ್ಲರೂ, ಇಲ್ಲ ಅಂದ್ರೆ ಯಾರೂ ಬೇಡ. ನನ್ನ ಗಂಡ ಪಕ್ಕದಿಂದ ಕೇಳಿದ: “ಅವರಿಬ್ಬರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಡಿಸೆಂಬರ್‌ನಲ್ಲಿ ಅವರಿಗೆ ಸರ್‌ಪ್ರೈಸ್ ಅಂತ ಬುಕ್ ಮಾಡಿದಾಗಲೂ ಕೇಳಿರಲಿಲ್ಲ. ಈಗ ರದ್ದು ಮಾಡೋಕೂ ಕೇಳದೇ ಹೊರಟಿದ್ದೆ.

ಮಾರನೇ ದಿನ ಫೋನ್ ಮಾಡಿದೆ. ನಾನು ಬಾಯಿ ಬಿಡೋಕೆ ಮುಂಚೆ ಅಪ್ಪನೇ ಹೇಳಿದರು, “ಪುಟ್ಟಿ, ನನ್ನ ಹೆಸರು ತೆಗೆದುಬಿಡು. ನಿಮ್ಮಮ್ಮ ಬರ್ತಾಳೆ.”

ಸ್ಪೀಕರ್‌ನಲ್ಲಿ ಅಮ್ಮನ ದನಿ ಬಂತು. “ಯಾರು ಹೇಳಿದ್ದು ನಾನು ಬರ್ತೀನಿ ಅಂತ? ನಾನು ಅತ್ತೆ ಹತ್ರ ಇರ್ತೀನಿ, ನೀವು ಹೋಗಿ ನಿಮ್ಮ ರೈಲು ನೋಡ್ಕೊಂಡು ಬನ್ನಿ.”

“ನೀನು ಸುಮ್ನಿರು.”

“ನೀವು ಸುಮ್ನಿರಿ.”

ಹೀಗೇ ಐದು ನಿಮಿಷ ನಡೀತು. ಕೊನೆಗೆ ಅಪ್ಪ ಸ್ಪೀಕರ್ ಆಫ್ ಮಾಡಿ ಅಂಗಳಕ್ಕೆ ಬಂದರು ಅನ್ನಿಸುತ್ತೆ, ಹಿಂದಿನಿಂದ ಕಾಗೆ ಕೂಗೋದು ಕೇಳಿಸ್ತಿತ್ತು.

“ನೋಡು, ಸ್ಟೇಷನ್ ಮಾಸ್ಟರ್ ಡ್ಯೂಟಿ ಮುಗೀತು ಅಂತ ಎದ್ದು ಹೋಗೋ ಹಾಗಿಲ್ಲ. ರಿಲೀವರ್ ಬರ್ಬೇಕು, ಚಾರ್ಜ್ ತಗೋಬೇಕು, ಆಮೇಲೆ ಮನೆಗೆ. ನಿಮ್ಮಮ್ಮ ಈ ಮನೆಗೆ ಬಂದು 41 ವರ್ಷ ಆಯ್ತು. ನಾನು ನೈಟ್ ಡ್ಯೂಟಿ, ವರ್ಗ ಅಂತ ಊರೂರು ತಿರುಗಿದೆ. ನಮ್ಮಮ್ಮನ್ನ ನೋಡ್ಕೊಂಡಿದ್ದು ಅವಳು. ಅವಳಿಗೆ ರಿಲೀವರ್ ಬರ್ಲೇ ಇಲ್ಲ. ಈಗ ನಾನು ಬಂದಿದ್ದೀನಿ ಅನ್ಕೋ.”

ನನಗೆ ಏನೂ ಹೇಳೋಕೆ ಆಗಲಿಲ್ಲ. ಅಮ್ಮ ಮಾತ್ರ ಇನ್ನೂ ಮೂರು ದಿನ ಒಪ್ಪಲಿಲ್ಲ. ಒಪ್ಪಿಸಿದ್ದು ಅಜ್ಜಿ. ಮಲಗಿದಲ್ಲಿಂದಲೇ ಎಲ್ಲ ಕೇಳಿಸ್ಕೊಂಡು, “ಹೋಗ್ ಬಾರೇ. ನಾನೇನು ಎದ್ದು ಓಡೋಗ್ತೀನಾ?” ಅಂದರಂತೆ.

ಹೆಸರು ತೆಗೆಯೋ ಲೆಕ್ಕ

ಅಷ್ಟೊತ್ತಿಗೆ ಏಪ್ರಿಲ್ 12. ಕೊನೇ ಕಂತಿಗೆ ಎರಡು ದಿನ. ಕ್ರೂಸ್ ಕಂಪನಿಗೆ ಫೋನ್ ಮಾಡಿದೆ. ಒಬ್ಬರ ಹೆಸರು ತೆಗೆಯೋದು ಅಂದರೆ ಒಂದು ಬಟನ್ ಒತ್ತಿದ ಹಾಗೆ ಅಂದ್ಕೊಂಡಿದ್ದೆ. ಹಾಗಿಲ್ಲ.

ಕ್ರೂಸ್ ದರ ಬಸ್ ಟಿಕೆಟ್ ಥರ ಅಲ್ಲ, ಕ್ಯಾಬಿನ್ ಮೇಲೆ ನಿಂತಿರುತ್ತೆ. ಒಂದು ಕ್ಯಾಬಿನ್‌ಗೆ ಇಬ್ಬರು ಅನ್ನೋದು ಮೂಲ ಲೆಕ್ಕ. ಮೂರನೆಯವರು, ನಾಲ್ಕನೆಯವರು ಅದೇ ಕ್ಯಾಬಿನ್‌ಗೆ ಬಂದರೆ ಸಾಮಾನ್ಯವಾಗಿ ಅವರಿಗೆ ಕಡಿಮೆ ದರ. ಆದರೆ ಒಬ್ಬರೇ ಇದ್ದರೆ? ಹೆಚ್ಚಿನ ಕಡೆ ಇನ್ನೊಬ್ಬರ ದುಡ್ಡೂ ಅವರೇ ಕಟ್ಟಬೇಕು.

ನಮ್ಮದನ್ನೇ ತಗೊಳ್ಳಿ. ದೊಡ್ಡವರು ನಾಲ್ವರಿಗೂ ತಲೆಗೆ 1,600 ಡಾಲರ್. ಮಗ ಮೂರನೆಯವನಾದ್ದರಿಂದ 700. ಒಟ್ಟು 7,100. ಫೋನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು: ನಿಮ್ಮ ತಂದೆ ಹೆಸರು ತೆಗೆದರೆ ತಾಯಿ ಒಬ್ಬರೇ ಆಗ್ತಾರೆ, ಅವರಿಗೆ 3,200. ಅಂದರೆ ಒಬ್ಬರು ಕಮ್ಮಿಯಾದರೂ ಟಿಕೆಟ್ ದುಡ್ಡು ಅಷ್ಟೇ! ಅಪ್ಪನ ಪಾಲಿನ ಬಂದರು ಶುಲ್ಕ, ತೆರಿಗೆ, ಟಿಪ್ಸ್ ಮಾತ್ರ ಉಳಿಯುತ್ತೆ.

“ತೆಗೆದುಬಿಡ್ಲಾ?” ಅಂತ ಕೇಳಿದಳು. ಹೂಂ ಅನ್ನೋದರಲ್ಲಿದ್ದೆ. ಗಂಡ ಕೈಸನ್ನೆ ಮಾಡಿ ಒಂದು ಚೀಟಿ ತೋರಿಸಿದ. ‘ಮಗನ್ನ ಅಮ್ಮನ ರೂಮಿಗೆ ಹಾಕಿದರೆ?’

ಅದೇ ಉತ್ತರ ಆಗಿತ್ತು. ಮಗ ಅಮ್ಮನ ಕ್ಯಾಬಿನ್‌ಗೆ ಹೋದರೆ ಅಲ್ಲಿ ಇಬ್ಬರು, ಇಲ್ಲಿ ಇಬ್ಬರು. ನಾಲ್ಕು ಜನಕ್ಕೆ 1,600ರ ಹಾಗೆ 6,400. ಅಪ್ಪನ ಹೆಸರು ತೆಗೆದರೂ ಅಮ್ಮ ಒಂಟಿಯಾಗಲ್ಲ, 700 ಡಾಲರ್ ಉಳಿಯುತ್ತೆ. ನಾಲ್ವರೂ ಒಂದೇ ಕ್ಯಾಬಿನ್‌ನಲ್ಲಿ ಮಲಗಿದರೆ ಇನ್ನೂ ಅಗ್ಗ ಆಗ್ತಿತ್ತು. ಆದರೆ ಅಂಥ ಕ್ಯಾಬಿನ್‌ಗಳು ಕಡಿಮೆ, ಲೈಫ್‌ಬೋಟ್‌ನಲ್ಲಿ ಎಷ್ಟು ಜನ ಹಿಡಿಸ್ತಾರೆ ಅನ್ನೋ ಲೆಕ್ಕವೂ ಅದಕ್ಕೆ ಸೇರಿಕೊಂಡಿರುತ್ತೆ. ನಮಗೆ ಸಿಗಲಿಲ್ಲ. ಸಿಕ್ಕಿದ್ದರೂ ಮಂಡಿನೋವಿನ ಅಮ್ಮನ್ನ ಮಗಳು-ಅಳಿಯನ ಮಧ್ಯೆ ಇಕ್ಕಟ್ಟಲ್ಲಿ ಮಲಗಿಸೋ ಮನಸ್ಸಿರಲಿಲ್ಲ.

ಆ ಎರಡು ದಿನದಲ್ಲಿ ನಾನು ಕಲಿತದ್ದು ಇಷ್ಟು:

• ಕೊನೇ ಕಂತು ಕಟ್ಟೋ ತಾರೀಕಿಗೆ ಮುಂಚೆ ಹೆಸರು ತೆಗೆದರೆ, ಮುಂಗಡ ಮರಳಿಸುವಂಥದ್ದಾಗಿದ್ದರೆ ಅದು ವಾಪಸ್ ಬರುತ್ತೆ. ಮರಳಿಸದ ಷರತ್ತಿನ ಅಗ್ಗದ ಬುಕಿಂಗ್ ಆದರೆ ಹೋಯ್ತು. ಬುಕ್ ಮಾಡುವಾಗಲೇ ಅದು ಯಾವುದು ಅಂತ ನೋಡ್ಕೊಳ್ಳಿ. ತಾರೀಕು ದಾಟಿದ ಮೇಲೆ ದಂಡ ಶುರು, ಹೊರಡೋ ದಿನ ಹತ್ತಿರ ಬಂದ ಹಾಗೆ ಅದು ಏರುತ್ತಾ ಹೋಗುತ್ತೆ.

• ಮೊದಲು ಕ್ಯಾಬಿನ್ ಅದಲು-ಬದಲು, ಆಮೇಲೆ ಹೆಸರು ತೆಗೆಯೋದು. ಇದೇ ಕ್ರಮದಲ್ಲಿ ಮಾಡಿಸಿ.

• ಬದಲಾವಣೆ ಮಾಡುವಾಗ ಇಡೀ ಬುಕಿಂಗ್‌ಗೆ ಇವತ್ತಿನ ದರ ಹಾಕಿಬಿಡುವ ಸಾಧ್ಯತೆ ಇರುತ್ತೆ. ಹಳೇ ದರವೇ ಉಳಿಯುತ್ತಾ ಅಂತ ಕೇಳಿ. ಹೊಸ ಬಿಲ್ ಇಮೇಲ್‌ಗೆ ಬಂದು, ಅದನ್ನ ಓದಿದ ಮೇಲೆ ‘ಸರಿ’ ಅನ್ನಿ.

• ಹಡಗಿನವರ ಹೊರಗೆ ನೀವೇ ಮಾಡಿಸಿದ ವಿಮಾನ, ವಿಮೆ, ಊರು ಸುತ್ತೋ ಟಿಕೆಟ್‌ಗಳು ತಾವಾಗೇ ರದ್ದಾಗಲ್ಲ. ಒಂದೊಂದನ್ನೂ ನೀವೇ ಮಾಡಬೇಕು. (ಇದನ್ನ ನಾನು ಮರೆತೆ. ಮುಂದೆ ಹೇಳ್ತೀನಿ.)

ಎಲ್ಲ ಆದಮೇಲೆ ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. ಹಣ ಕಟ್ಟೋಕೆ ಮುಂಚೆ ಆದ್ದರಿಂದ, ಬೇಕಿದ್ದರೆ ಹೆಸರು ತೆಗೆಯೋ ಬದಲು ಅದೇ ಜಾಗಕ್ಕೆ ಬೇರೆಯವರ ಹೆಸರು ಹಾಕಬಹುದು, ಯಾರಾದರೂ ಇದ್ದಾರಾ?

ಅವಳು ನಿಯಮ ಹೇಳಿದಳು ಅಷ್ಟೇ. “ಇಲ್ಲ, ಯಾರೂ ಇಲ್ಲ” ಅಂದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಬುಕಿಂಗ್ ತೆಗೆದು ನೋಡಿದರೆ ನಾಲ್ಕು ಹೆಸರು. ಅಪ್ಪನ ಹೆಸರಿದ್ದ ಕಡೆ ಗೆರೆಯೂ ಇಲ್ಲ, ಗುರುತೂ ಇಲ್ಲ.

ಕಾಷನ್ ಆರ್ಡರ್

ಅಮ್ಮ ಹಾಸನಕ್ಕೆ ಒಬ್ಬರೇ ಬಸ್ಸಿನಲ್ಲಿ ಹೋಗಿ ಬಂದವರು. ಅದಕ್ಕಿಂತ ದೂರ ಒಬ್ಬರೇ ಹೋಗಿದ್ದು ನನಗೆ ನೆನಪಿಲ್ಲ. ಈಗ ಬೆಂಗಳೂರಿನಿಂದ ಒಂದು ಕಡೆ ವಿಮಾನ ಬದಲಿಸಿ ಸಿಯಾಟಲ್‌ಗೆ ಬರಬೇಕು. ಮಂಡಿನೋವು ಇದ್ದೇ ಇತ್ತು, ವೀಲ್‌ಚೇರ್ ಕೇಳಿದ್ವಿ. ಅಪ್ಪ ಮಾತ್ರ ಅದನ್ನೇ ನಂಬಿ ಕೂರಲಿಲ್ಲ.

ಘಾಟಿಯಲ್ಲಿ ಹಳಿ ಎಲ್ಲಿ ದುರಸ್ತಿಯಲ್ಲಿದೆ, ಎಲ್ಲಿ ನಿಧಾನ ಹೋಗಬೇಕು ಅಂತ ಡ್ರೈವರ್‌ಗೆ ಒಂದು ಚೀಟಿ ಕೊಡ್ತಾರೆ. ಅದಕ್ಕೆ ಕಾಷನ್ ಆರ್ಡರ್ ಅಂತಾರೆ. ಅಪ್ಪ ಅಮ್ಮನಿಗೆ ಅಂಥದ್ದೇ ಒಂದನ್ನ ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದುಕೊಟ್ಟರು. ಎಡಗಡೆ ಸಮಯ, ಬಲಗಡೆ ಏನು ಮಾಡಬೇಕು. ‘ಇಲ್ಲಿ ಚಪ್ಪಲಿ ಬಿಚ್ಚಿಸಬಹುದು, ಗಾಬರಿ ಬೇಡ.’ ‘ಇಲ್ಲಿ ಯಾರಾದರೂ ಎಷ್ಟು ದಿನ ಇರ್ತೀರಿ ಅಂತ ಕೇಳುತ್ತಾರೆ.’ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿದ್ದರು. ಕೊನೇ ಪುಟದಲ್ಲಿ, ‘ಮಗಳು ಹೊರಗೆ ನಿಂತಿರುತ್ತಾಳೆ.’

ನಾನು ಹೊರಗೆ ನಿಂತಿದ್ದೆ. ಅಮ್ಮ ವೀಲ್‌ಚೇರ್‌ನಲ್ಲಿ ಕೂತು, ನೋಟ್‌ಬುಕ್ ಎದೆಗೆ ಅವಚಿಕೊಂಡು ಬಂದರು. “ನಿಮ್ಮಪ್ಪ ಬರೆದಿದ್ರಲ್ಲಿ ಒಂದೇ ತಪ್ಪು. ಚಪ್ಪಲಿ ಬಿಚ್ಚಿಸ್ಲೇ ಇಲ್ಲ” ಅಂದರು.

ಮಳೆ, ಮಂಜು, ಮುಳುಗದ ಸೂರ್ಯ

ಜುಲೈ ಎರಡನೇ ಭಾನುವಾರ ಸಿಯಾಟಲ್‌ನ ಪಿಯರ್ 91ರಿಂದ ಹಡಗು ಹೊರಟಿತು. ಅಮ್ಮ, ಮಗ ಒಂದು ಕ್ಯಾಬಿನ್. ಅವನು ಅವರಿಗೆ ಬಾಗಿಲಿನ ಕಾರ್ಡು, ಲಿಫ್ಟು, ಬಿಸಿನೀರಿನ ನಲ್ಲಿ ಎಲ್ಲ ಕಲಿಸಿದ. ಅಮ್ಮ ಅವನಿಗೆ ರಾತ್ರಿ ಕತೆ ಹೇಳಿದರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡೋ ಹುಡುಗ, ಮೂರನೇ ದಿನ ಬಫೆಯಲ್ಲಿ ನಿಂತು “ಅಜ್ಜಿ, ಮೊಸರು ಇಲ್ಲಿದೆ, ಬನ್ನಿ!” ಅಂತ ಕೂಗಿದ. ಕ್ಯಾಬಿನ್ ಲೆಕ್ಕದಲ್ಲಿ 700 ಡಾಲರ್ ಉಳಿದಿದ್ದು ಹೌದು. ಇದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಮೊದಲು ಇಳಿದ ಊರು ಕೆಚಿಕನ್. ಅಮೆರಿಕದಲ್ಲೇ ಹೆಚ್ಚು ಮಳೆ ಬೀಳೋ ಊರುಗಳಲ್ಲಿ ಒಂದು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಬಣ್ಣದ ಮರದ ಮನೆಗಳು, ಅಲ್ಲಿನ ಮೂಲನಿವಾಸಿಗಳು ಕೆತ್ತಿದ ಎತ್ತರದ ಟೋಟೆಮ್ ಕಂಬಗಳು. ಜನವೆಲ್ಲ ರೇನ್‌ಕೋಟ್ ಹಾಕ್ಕೊಂಡು ಮಳೆಯ ಫೋಟೋ ತೆಗೀತಿದ್ದರು. ಅಮ್ಮ ಕೊಡೆ ಬಿಚ್ಚಿ ಸುತ್ತ ನೋಡಿ ಹೇಳಿದರು, “ಇದು ನಮ್ಮೂರಿನ ಆಷಾಢ ಅಲ್ವೇನೇ? ಇದಕ್ಕಾ ಡಾಲರ್ ಕೊಟ್ಟು ಬಂದಿದ್ದು?”

ಆಮೇಲೆ ಜುನೋ. ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ಹಡಗಲ್ಲಿ ಬರಬೇಕು, ಇಲ್ಲ ವಿಮಾನದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಮೆಂಡೆನ್‌ಹಾಲ್ ಹಿಮನದಿ ನೋಡಿಕೊಂಡು ಬಂದ್ವಿ. ರಾತ್ರಿ ಊಟ ಮುಗಿಸಿ ಡೆಕ್‌ಗೆ ಬಂದರೂ ಇನ್ನೂ ಬೆಳಕು. ಅಮ್ಮನಿಗೆ ಅದೇ ಚಿಂತೆ. “ದೀಪ ಹಚ್ಚೋ ಹೊತ್ತು ಯಾವುದು ಇಲ್ಲಿ?” ಹಡಗಿನಲ್ಲಿ ಬೆಂಕಿ ಹಚ್ಚೋ ಹಾಗೂ ಇಲ್ಲ. ಕೊನೆಗೆ ಊರಲ್ಲಿ ಅಪ್ಪ ಏಳೋ ಹೊತ್ತು ನೋಡಿಕೊಂಡು ಕೈ ಮುಗಿಯೋದು ಅಂತ ತೀರ್ಮಾನ ಮಾಡಿಕೊಂಡರು.

ಎಂಡಿಕಾಟ್ ಆರ್ಮ್ ಅನ್ನೋ ಕಿರಿದಾದ ಕಡಲ ತೋಳಿನೊಳಗೆ ಹಡಗು ನಿಧಾನವಾಗಿ ನುಗ್ಗುತ್ತೆ, ಕೊನೆಯಲ್ಲಿ ಡಾಸ್ ಹಿಮನದಿ. ಒತ್ತಿ ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನ ಹೀರಿ ನೀಲಿಯನ್ನ ಬಿಡೋದರಿಂದ ಅದು ನೀಲಿಯಾಗಿ ಕಾಣುತ್ತೆ ಅಂತ ಮಗನಿಗೆ ವಿವರಿಸ್ತಿದ್ದೆ. ಅಷ್ಟರಲ್ಲಿ ಗುಡುಗಿನ ಹಾಗೆ ಸದ್ದು, ಒಂದು ಗೋಡೆಯಷ್ಟು ಹಿಮ ಕಳಚಿ ನೀರಿಗೆ ಬಿತ್ತು. ಯಾರೂ ಮಾತಾಡಲಿಲ್ಲ. ಅಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

ಎಷ್ಟು ಸುರಂಗ?

ಹಿಮನದಿಯ ಹಿಂದಿನ ದಿನ ಸ್ಕ್ಯಾಗ್‌ವೇ. ಅದನ್ನ ಬೇಕಂತಲೇ ಕೊನೆಗೆ ಇಟ್ಟುಕೊಂಡೆ.

ರೈಲು ಹಡಗುಕಟ್ಟೆಯ ಹತ್ತಿರಕ್ಕೇ ಬರುತ್ತೆ. ಬೆಳಿಗ್ಗೆ ಎಂಟೂಕಾಲರ ಟಿಕೆಟ್ ಜನವರಿಯಲ್ಲೇ ಮಾಡಿಸಿದ್ದೆ, ಹಡಗಿನವರ ಮೂಲಕ ಅಲ್ಲ, ನೇರವಾಗಿ. ಕೌಂಟರ್‌ನಲ್ಲಿ ಹೆಸರು ಹೇಳಿದೆ. ಅವರು ಐದು ಟಿಕೆಟ್ ಕೊಟ್ಟರು.

ಐದು. ಅಪ್ಪನ ಟಿಕೆಟ್ ರದ್ದು ಮಾಡೋದನ್ನ ಮರೆತೇ ಬಿಟ್ಟಿದ್ದೆ. ಮೂರು ತಿಂಗಳಿಂದ ಆ ಹೆಸರು ಅಲ್ಲೇ ಕಾಯ್ತಾ ಇತ್ತು.

ಬೇಜಾರಾಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಟಿಕೆಟ್ ತಗೊಂಡು ನೋಟ್‌ಬುಕ್ ಒಳಗೆ ಇಟ್ಟುಕೊಂಡರು. ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ತಮ್ಮ ಬ್ಯಾಗ್ ಇಟ್ಟು ಪಕ್ಕದಲ್ಲಿ ಕೂತರು. “ಇರ್ಲಿ ಬಿಡು, ಅವರ ಸೀಟು.”

ಹಳೇ ಮರದ ಬೋಗಿಗಳು. ರೈಲು ಇಪ್ಪತ್ತು ಮೈಲಿಯಲ್ಲಿ ಸಮುದ್ರದಂಚಿನಿಂದ 873 ಮೀಟರ್ ಏರುತ್ತೆ. ಜಲಪಾತ, ಕಣಿವೆ, ಮೋಡ. ಒಂದು ಕಡೆ ಹಳೇ ಕಾಲುದಾರಿಯ ಗುರುತು ಕಾಣುತ್ತೆ. ಚಿನ್ನಕ್ಕೆ ಹೊರಟವರು ಸಾಮಾನು ಹೊರಿಸಿಕೊಂಡು ಹೋದ ಕುದುರೆಗಳು ಸಾವಿರಗಟ್ಟಲೆ ಸತ್ತ ಜಾಗ, ಹೆಸರೇ ಸತ್ತ ಕುದುರೆಗಳ ಕಮರಿ. ತಿರುವಿನಲ್ಲಿ ಕಿಟಕಿಯಿಂದ ನೋಡಿದರೆ ನಮ್ಮದೇ ರೈಲಿನ ಮುಂಭಾಗ ಬೆಟ್ಟಕ್ಕೆ ಅಂಟಿಕೊಂಡು ಹತ್ತುತ್ತಾ ಇತ್ತು. ಮೇಜಿನ ಗಾಜಿನ ಕೆಳಗಿನ ಚಿತ್ರವೇ. ನಾನು ಫೋನ್ ತೆಗೆದೆ. ಅಮ್ಮ ಫೋಟೋ ತೆಗೀಲಿಲ್ಲ, ಬೆರಳು ಮಡಚಿ ಏನೋ ಎಣಿಸ್ತಾ ಇದ್ದರು.

ಅಮೆರಿಕ–ಕೆನಡಾ ಗಡಿಯ ತುದಿ ಮುಟ್ಟಿ ರೈಲು ವಾಪಸ್ ಇಳಿಯಿತು. ಮೇಲೆ ನೆಟ್‌ವರ್ಕ್ ಇರಲಿಲ್ಲ. ಊರಿಗೆ ಬಂದ ಕೂಡಲೇ ಅಮ್ಮ ಫೋನ್ ಹಚ್ಚಿಸಿದರು. ಅಲ್ಲಿ ಬೆಳಿಗ್ಗೆ 11.20, ಸಕಲೇಶಪುರದಲ್ಲಿ ನಡುರಾತ್ರಿ 12.50. ಒಂದೇ ರಿಂಗಿಗೆ ಎತ್ತಿದರು.

“ಎದ್ದಿದ್ರಾ?”

“ಅಮ್ಮನ್ನ ಮಗ್ಗುಲು ತಿರುಗಿಸಿ ಈಗ ಕೂತೆ. ಹೇಳು, ಹತ್ತಿದ್ಯಾ?”

“ಹೂಂ.”

“ಎಷ್ಟು ಸುರಂಗ?”

“ಎರಡು.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ನಕ್ಕರು. ಎಷ್ಟೋ ತಿಂಗಳಾದ ಮೇಲೆ ಅವರು ಹಾಗೆ ನಕ್ಕಿದ್ದು ಕೇಳಿದ್ದೆ. “ಎರಡೇ? ನಮ್ಮಲ್ಲಿ 57! ಎತ್ತರ ಎಷ್ಟು ಹತ್ತಿತು?”

“873 ಮೀಟರ್ ಅಂತಪ್ಪ” ಅಂದೆ ನಾನು.

“ಅಷ್ಟೇನಾ! ನಮ್ಮ ಸಕಲೇಶಪುರ ಸ್ಟೇಷನ್ನೇ ಅದಕ್ಕಿಂತ ಎತ್ತರ ಕಣೇ!”

“ಅದಕ್ಕೇ ಹೇಳಿದ್ದು, ನಾನು ಮನೇಲೇ ಇರ್ತೀನಿ ಅಂತ” ಅಂದರು ಅಮ್ಮ. ನಗ್ತಾನೇ ಅಂದಿದ್ದು. ಆದರೆ ಫೋನ್ ಇಟ್ಟ ಮೇಲೆ ಕಣ್ಣೊರೆಸಿಕೊಂಡು, “ಏರು ಜಾಸ್ತಿ ಇತ್ತು. ಅವರಿಗೆ ಅದನ್ನ ಹೇಳ್ಲೇ ಇಲ್ಲ ನಾನು” ಅಂದರು.

ಕೊನೇ ಸಂಜೆ ವಿಕ್ಟೋರಿಯಾ. 1886ರ ಕಾನೂನಿನ ಪುಣ್ಯದಿಂದ ಸಿಕ್ಕ ಊರು. ದೀಪದ ಕಂಬಗಳಿಗೆಲ್ಲ ಹೂವಿನ ಬುಟ್ಟಿ ತೂಗುಹಾಕಿದ್ದರು. ಅಮ್ಮ ಒಂದರ ಕೆಳಗೆ ನಿಂತು ಮೆಲ್ಲಗೆ ಕೇಳಿದರು, “ಒಂದು ಕಡ್ಡಿ ಮುರ್ಕೊಳ್ಲಾ?” ಬೇಡಮ್ಮ, ಕಸ್ಟಮ್ಸ್‌ನವರು ಹಿಡೀತಾರೆ ಅಂತ ಕೈ ಹಿಡಿದು ಎಳ್ಕೊಂಡು ಬಂದೆ.

ಅಮ್ಮ ಆಗಸ್ಟ್‌ನಲ್ಲಿ ಊರಿಗೆ ಹೋದರು. ಹೋದ ದಿನವೇ ಅಪ್ಪ ಒಂದು ಫೋಟೋ ಕಳಿಸಿದರು. ಮೇಜಿನ ಗಾಜಿನ ಕೆಳಗೆ, ಹಳೇ ಚಿತ್ರದ ಪಕ್ಕದಲ್ಲಿ, ಅವರ ಹೆಸರಿನ ಟಿಕೆಟ್.

ಈಗ ಅಜ್ಜಿ ವಾಕರ್ ಹಿಡಿದು ಜಗಲಿಯ ತನಕ ಬರ್ತಾರೆ. ರಾತ್ರಿಯ ಪಾಳಿ ಅಪ್ಪನದ್ದೇ, ಅದನ್ನ ಅಮ್ಮನಿಗೆ ವಾಪಸ್ ಕೊಟ್ಟಿಲ್ಲ. ಅಪ್ಪನ ಪಾಸ್‌ಪೋರ್ಟ್‌ನಲ್ಲಿರೋ ಕೆನಡಾ ವೀಸಾಗೆ ಇನ್ನೂ ಏಳು ವರ್ಷ ಇದೆ. ಮೊನ್ನೆ ಫೋನ್‌ನಲ್ಲಿ ಅಮ್ಮ ಕೇಳಿದರು, “ಮುಂದಿನ ಸಲ ಬುಕ್ ಮಾಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳ್ತೀಯಲ್ಲ?”

ಕೇಳ್ತೀನಮ್ಮ ಅಂದೆ.